ಗಣಿ ಹಳ್ಳಿಗಳು ಹಿಲರಿಯ ಕೈ ಬಿಟ್ಟಿದ್ದು ಯಾಕೆ?

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ 55 ಕೌಂಟಿಗಳಿವೆ, ಅಂದರೆ ನಮ್ಮ ಜಿಲ್ಲೆಗಳ ಹಾಗೆ. ಬೆಟ್ಟಗುಡ್ಡ, ಕಲ್ಲಿದ್ದಲು ಗಣಿ, ಸಣ್ಣ ಸಣ್ಣ ಊರುಗಳ ನಾಡು. 2008ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕು ಅಂತ ಅಲ್ಲಿ ಮತದಾನ ನಡೆಯಿತು. ಹಿಲರಿ ಕ್ಲಿಂಟನ್ ಅಷ್ಟೂ 55 ಕೌಂಟಿಗಳಲ್ಲಿ ಬರಾಕ್ ಒಬಾಮರನ್ನು ಸೋಲಿಸಿದರು. ಅವರಿಗೆ ಬಿದ್ದಿದ್ದು ಶೇ 67 ಮತ. ಎಂಟು ವರ್ಷ ಬಿಟ್ಟು, 2016ರ ಮೇ ತಿಂಗಳು. ಅದೇ ರಾಜ್ಯ, ಅದೇ ಪಕ್ಷ, ಅದೇ ಹಿಲರಿ. ಈ ಸಲ ಅಷ್ಟೂ 55 ಕೌಂಟಿಗಳಲ್ಲಿ ಸೋತರು. ಗೆದ್ದವರು ತಮ್ಮನ್ನು ತಾವೇ ಸಮಾಜವಾದಿ ಅಂತ ಕರೆದುಕೊಳ್ಳುವ ವರ್ಮಾಂಟ್‌ನ ಸೆನೆಟರ್ ಬರ್ನಿ ಸ್ಯಾಂಡರ್ಸ್. ಆರು ತಿಂಗಳಾಗುವಷ್ಟರಲ್ಲಿ ಇದೇ ರಾಜ್ಯ ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್‌ಗೆ ಶೇ 68ರ ಹತ್ತಿರ ಮತ ಕೊಟ್ಟಿತು.

ಇದನ್ನು ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಹಳ್ಳಿ ಕಾರ್ಮಿಕರು ಎಡಕ್ಕೆ ವಾಲಿದರು, ಆಮೇಲೆ ಬಲಕ್ಕೆ ವಾಲಿದರು ಅನ್ನುವುದು ಒಂದು. ಅವರಿಗೆ ರಾಜಕೀಯವೇ ಗೊತ್ತಿಲ್ಲ, ಗಾಳಿ ಬಂದ ಕಡೆ ತೂರಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು. ಎರಡೂ ಸರಿಯಿಲ್ಲ ಅಂತ ನನಗನ್ನಿಸುತ್ತದೆ. ಪ್ರೈಮರಿಯಲ್ಲಿ ಮತ ಕದಲಿದಾಗ ಕದಲಿದ್ದು ಮತದಾರನ ಮನಸ್ಸೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ಅಭ್ಯರ್ಥಿ ನಿಂತ ಜಾಗ ಬದಲಾಗಿರುತ್ತದೆ. ಇನ್ನೂ ಎಷ್ಟೋ ಸಲ ಮತಗಟ್ಟೆಯ ಸಾಲಿನಲ್ಲಿ ನಿಂತಿರುವ ಜನರೇ ಬೇರೆಯವರಾಗಿರುತ್ತಾರೆ.

ಮೊದಲು ಪ್ರೈಮರಿ ಅಂದರೇನು ಅಂತ ನೋಡಿಬಿಡೋಣ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡುವುದು ಹೈಕಮಾಂಡ್. ಬಿ ಫಾರಂ ಕೈಗೆ ಬರುವವರೆಗೆ ಬೆಂಗಳೂರು, ದೆಹಲಿ ಅಂತ ಓಡಾಟ. ಸಾಮಾನ್ಯ ಮತದಾರನಿಗೆ ಅದರಲ್ಲಿ ಪಾತ್ರವೇ ಇಲ್ಲ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವುದಕ್ಕೇ ಒಂದು ಚುನಾವಣೆ ನಡೆಯುತ್ತದೆ, ಅದು ಪ್ರೈಮರಿ. ಯಾರು ಮತ ಹಾಕಬಹುದು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಂಟಕಿಯಲ್ಲಿ ಆ ಪಕ್ಷದವರು ಅಂತ ಮೊದಲೇ ಹೆಸರು ನೋಂದಾಯಿಸಿಕೊಂಡಿರಬೇಕು. ವರ್ಜೀನಿಯಾದಲ್ಲಿ ಪಕ್ಷದ ಹೆಸರಲ್ಲಿ ನೋಂದಣಿಯೇ ಇಲ್ಲ. ಅವತ್ತು ಹೋಗಿ ಯಾವ ಪಕ್ಷದ ಮತಪತ್ರ ಬೇಕು ಅಂತ ಕೇಳಿದರಾಯಿತು. ವೆಸ್ಟ್ ವರ್ಜೀನಿಯಾದಲ್ಲಿ 2016ರಲ್ಲಿ ಯಾವ ಪಕ್ಷಕ್ಕೂ ಸೇರದವರು ತಮಗೆ ಬೇಕಾದ ಕಡೆ ಮತ ಹಾಕಬಹುದಿತ್ತು.

ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಹೆಚ್ಚಿನ ಮತದಾರರ ತೀರ್ಮಾನವನ್ನು ಪಕ್ಷದ ಹೆಸರೇ ಮಾಡಿಬಿಟ್ಟಿರುತ್ತದೆ. ಪ್ರೈಮರಿಯಲ್ಲಿ ಆ ಗುರುತು ಇಲ್ಲ, ಎಲ್ಲರೂ ಒಂದೇ ಪಕ್ಷದವರು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆಗ ಜನ ಬೇರೆ ಗುರುತು ಹುಡುಕುತ್ತಾರೆ. ಇವನು ಯಾರ ಕಡೆಯವನು? ನಮ್ಮ ಕಡೆಗೆ ಬಂದು ಹೋಗಿದ್ದಾನಾ? ದೊಡ್ಡವರು ಯಾರನ್ನು ಮುಂದೆ ತಳ್ಳುತ್ತಿದ್ದಾರೆ? ಪ್ರಣಾಳಿಕೆಯ ವ್ಯತ್ಯಾಸ ಸಣ್ಣದಾದಷ್ಟೂ ಈ ಪ್ರಶ್ನೆಗಳು ದೊಡ್ಡದಾಗುತ್ತವೆ. ಅದೂ ಅಲ್ಲದೆ, ಪ್ರೈಮರಿಯಲ್ಲಿ ಸಿಟ್ಟು ತೀರಿಸಿಕೊಂಡರೆ ಪಕ್ಷ ಬಿಟ್ಟ ಹಾಗೂ ಆಗುವುದಿಲ್ಲ. ಮನೆಯೊಳಗೇ ಇದ್ದು ಜಗಳ ಆಡಬಹುದು.

ಈಗ 2008ಕ್ಕೆ ಬರೋಣ. ವೆಸ್ಟ್ ವರ್ಜೀನಿಯಾ ಮತ್ತು ಪಕ್ಕದ ಪೂರ್ವ ಕೆಂಟಕಿಯ ಗಣಿ ಊರುಗಳಲ್ಲಿ ಹಿಲರಿ ಗೆದ್ದ ಅಂತರ ನೋಡಿದರೆ ಅಚ್ಚರಿಯಾಗುತ್ತದೆ. ಕೆಂಟಕಿಯ ಪೈಕ್ ಕೌಂಟಿಯಲ್ಲಿ ಹತ್ತಕ್ಕೆ ಒಂಬತ್ತು ಮತ ಅವರಿಗೇ. ಇಷ್ಟೊಂದು ಪ್ರೀತಿ ಎಲ್ಲಿಂದ ಬಂತು? ಒಂದಿಷ್ಟು ಹಿಲರಿಯ ಗಂಡ ಬಿಲ್ ಕ್ಲಿಂಟನ್ ಅಧ್ಯಕ್ಷರಾಗಿದ್ದ ಕಾಲದ ನೆನಪು. 1992 ಮತ್ತು 1996ರಲ್ಲಿ ಎರಡೂ ರಾಜ್ಯಗಳು ಅವರ ಪಾಲಾಗಿದ್ದವು. ಆದರೆ ಉಳಿದ ಭಾಗ ಒಬಾಮರ ವಿರುದ್ಧದ ಮತ, ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ವೆಸ್ಟ್ ವರ್ಜೀನಿಯಾದ ಮತಗಟ್ಟೆ ಸಮೀಕ್ಷೆಯಲ್ಲಿ ಬಿಳಿಯ ಮತದಾರರಲ್ಲಿ ಐವರಿಗೆ ಒಬ್ಬರಷ್ಟು ಜನ ತಮ್ಮ ತೀರ್ಮಾನದಲ್ಲಿ ಜನಾಂಗದ ವಿಚಾರವೂ ಇತ್ತು ಅಂತ ಬಾಯಿಬಿಟ್ಟು ಹೇಳಿದ್ದರು. ಅವರಲ್ಲಿ ಬಹುಪಾಲು ಜನ ಹಿಲರಿಗೆ ಹಾಕಿದ್ದರು. ಬಾಯಿಬಿಡದವರು ಎಷ್ಟೋ.

ಜನಾಂಗ ಒಂದೇ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಒಬಾಮ ಸ್ಯಾನ್ ಫ್ರಾನ್ಸಿಸ್ಕೋದ ಒಂದು ನಿಧಿ ಸಂಗ್ರಹ ಸಭೆಯಲ್ಲಿ, ಕೆಲಸ ಹೋದ ಸಣ್ಣ ಊರುಗಳ ಜನ ಕಹಿಯಾಗಿ ಬಂದೂಕು, ಧರ್ಮ ಇತ್ಯಾದಿಗಳಿಗೆ ಅಂಟಿಕೊಳ್ಳುತ್ತಾರೆ ಅನ್ನುವ ಅರ್ಥದ ಮಾತಾಡಿದ್ದರು. ಆ ಮಾತು ಹೊರಗೆ ಬಂತು. ಹಿಲರಿ ಸುಮ್ಮನಿರುತ್ತಾರಾ? ಇಂಡಿಯಾನಾದ ಒಂದು ಬಾರಿನಲ್ಲಿ ಕ್ಯಾಮೆರಾ ಮುಂದೆಯೇ ವಿಸ್ಕಿ ಕುಡಿದು ತೋರಿಸಿದರು. ಯೇಲ್‌ನಲ್ಲಿ ಕಾನೂನು ಓದಿದ, ಎಂಟು ವರ್ಷ ಶ್ವೇತಭವನದಲ್ಲಿದ್ದ ಮಹಿಳೆ ಆ ವಸಂತದಲ್ಲಿ ದುಡಿಯುವ ಜನರ ಅಭ್ಯರ್ಥಿಯಾದರು. ಎದುರಿಗೆ ನಿಂತವರು ಯಾರು ಅನ್ನುವುದು ಅವರನ್ನು ಹಾಗೆ ಮಾಡಿತ್ತು.

2016ರಲ್ಲಿ ಎದುರಿಗಿದ್ದವರೇ ಬೇರೆ. ಒಬಾಮ ಸಂಪುಟದಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಈಗ ಒಬಾಮರ ವಾರಸುದಾರರು. ಅವರ ಸಾಧನೆಯನ್ನು ಮುಂದುವರಿಸುತ್ತೇನೆ ಅಂತಲೇ ಪ್ರಚಾರ ಮಾಡಿದರು. ಗಣಿ ಊರಿನ ಮತದಾರ ಎಂಟು ವರ್ಷದ ಹಿಂದೆ ಒಬಾಮ ಬೇಡ ಅಂದಿದ್ದ, ಈಗಲೂ ಅದನ್ನೇ ಅಂದ. ಹಿಲರಿ ಮಾತ್ರ ಆಚೆ ದಡಕ್ಕೆ ಹೋಗಿ ನಿಂತಿದ್ದರು.

ಇದು ನಿಜವೋ ಅಲ್ಲವೋ ಅಂತ ನೋಡುವುದಕ್ಕೆ ಒಂದು ದಾರಿ ಇದೆ. ಒಬಾಮರನ್ನು ಮೆಚ್ಚುವ ಹಳ್ಳಿ ಕಾರ್ಮಿಕರು ಇರುವ ಕಡೆ ಏನಾಯಿತು ಅಂತ ನೋಡಬೇಕು. ದಕ್ಷಿಣ ಕೆರೊಲಿನಾಗೆ ಹೋಗಿ. ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಅವರಲ್ಲಿ ಹಳ್ಳಿಗರು ತುಂಬಾ. 2008ರಲ್ಲಿ ಅಲ್ಲಿ ಒಬಾಮಗೆ ಶೇ 55, ಹಿಲರಿಗೆ ಶೇ 27ರ ಆಸುಪಾಸು. 2016ರಲ್ಲಿ ಅದೇ ಹಿಲರಿಗೆ ಶೇ 73, ಎಲ್ಲ 46 ಕೌಂಟಿಗಳಲ್ಲೂ ಗೆಲುವು. ವೆಸ್ಟ್ ವರ್ಜೀನಿಯಾದ ತದ್ವಿರುದ್ಧ ಚಿತ್ರ. ಹಿಲರಿಯ ಜಾಗ ಬದಲಾಗಿದ್ದಕ್ಕೆ ಒಂದು ಕಡೆಯ ಬಡ ಹಳ್ಳಿಗರು ಬಿಟ್ಟು ಹೋದರು, ಇನ್ನೊಂದು ಕಡೆಯ ಬಡ ಹಳ್ಳಿಗರು ಬಂದು ಸೇರಿದರು. ‘ಗ್ರಾಮೀಣ ಕಾರ್ಮಿಕ ಮತದಾರ’ ಅಂತ ಟಿವಿ ಚರ್ಚೆಗಳಲ್ಲಿ ಒಂದೇ ಉಸಿರಿನಲ್ಲಿ ಹೇಳುತ್ತಾರಲ್ಲ, ಆಗ ಬಿಳಿಯರ ಬಗ್ಗೆ ಮಾತ್ರ ಮಾತಾಡುತ್ತಿದ್ದೇವೆ ಅನ್ನುವುದು ಅವರಿಗೇ ಮರೆತು ಹೋಗಿರುತ್ತದೆ.

ಹಾಗಾದರೆ ಕಲ್ಲಿದ್ದಲಿನ ಕಥೆ ಏನು? ಅದೂ ಇದೆ, ಜೋರಾಗಿಯೇ ಇದೆ. 1940ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಗಣಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 2016ರ ಹೊತ್ತಿಗೆ ಅದು 15,000ಕ್ಕಿಂತ ಕೆಳಗಿಳಿದಿತ್ತು. ಇದಕ್ಕೆಲ್ಲ ಒಬಾಮರ ಪರಿಸರ ನಿಯಮಗಳೇ ಕಾರಣ ಅಂತ ಗಣಿ ಕಂಪನಿಗಳು ಬೋರ್ಡು ಹಾಕಿಸಿದವು. ಅದರಲ್ಲಿ ಅರ್ಧ ಸತ್ಯವೂ ಇಲ್ಲ. 1950ರಿಂದಾಚೆಗೆ ಯಂತ್ರಗಳು ಬಂದು ಆಳುಗಳ ಅಗತ್ಯವೇ ಕಡಿಮೆಯಾಯಿತು. ಬೆಟ್ಟದ ತಲೆಯನ್ನೇ ಸ್ಫೋಟಿಸಿ ಕಲ್ಲಿದ್ದಲು ತೆಗೆಯುವ ಪದ್ಧತಿ ಬಂದಾಗ ಇನ್ನಷ್ಟು ಕಡಿಮೆಯಾಯಿತು. ಕೊನೆಗೆ ಅಗ್ಗದ ನೈಸರ್ಗಿಕ ಅನಿಲ ಬಂದು ವಿದ್ಯುತ್ ಕಂಪನಿಗಳನ್ನೇ ಸೆಳೆದುಕೊಂಡಿತು. ಆದರೆ ಯಂತ್ರವನ್ನು ಚುನಾವಣೆಯಲ್ಲಿ ಸೋಲಿಸುವುದಕ್ಕೆ ಆಗುವುದಿಲ್ಲವಲ್ಲ. ಒಬಾಮರ ನಿಯಮಗಳಿಗಾದರೆ ಒಂದು ಮುಖ ಇತ್ತು.

ಅದರ ಮೇಲೆ 2016ರ ಮಾರ್ಚ್ 13ರ ಮಾತು. ಓಹಿಯೋದ ಕೊಲಂಬಸ್‌ನಲ್ಲಿ ಸಿಎನ್ಎನ್ ನಡೆಸಿದ ಸಭೆಯಲ್ಲಿ ಹಿಲರಿ, ತುಂಬಾ ಗಣಿ ಕಾರ್ಮಿಕರ ಮತ್ತು ಗಣಿ ಕಂಪನಿಗಳ ಬಾಗಿಲು ಮುಚ್ಚಿಸುತ್ತೇವೆ ಅನ್ನುವ ಹಾಗೆ ಮಾತಾಡಿಬಿಟ್ಟರು. ಹಿಂದೆಮುಂದೆ ಸೇರಿಸಿ ಕೇಳಿದರೆ ಆ ಮಾತಿನ ಉದ್ದೇಶ ಬೇರೆಯೇ. ಗಣಿ ಪ್ರದೇಶಕ್ಕೆ ಹೊಸ ಉದ್ಯೋಗ ತರುತ್ತೇನೆ, ಆ ಜನರನ್ನು ಮರೆಯಬಾರದು ಅಂತಲೇ ಅವರು ಹೇಳುತ್ತಿದ್ದರು. ಗಣಿ ಊರುಗಳಿಗಾಗಿ 3,000 ಕೋಟಿ ಡಾಲರ್‌ನ ಯೋಜನೆಯನ್ನು ಅದಕ್ಕೂ ಮೊದಲೇ ಪ್ರಕಟಿಸಿದ್ದರು. ಯೋಜನೆಯನ್ನು ಓದಿದವರು ಎಷ್ಟು ಜನ? ಆ ಒಂದು ವಾಕ್ಯವನ್ನು ಕೇಳದವರು ಯಾರೂ ಇರಲಿಲ್ಲ. ಮೇ ತಿಂಗಳ ಮೊದಲಲ್ಲಿ ಅವರು ವೆಸ್ಟ್ ವರ್ಜೀನಿಯಾದ ವಿಲಿಯಮ್ಸನ್ ಊರಿಗೆ ಹೋದಾಗ ಕೆಲಸ ಕಳೆದುಕೊಂಡ ಒಬ್ಬರು ಆ ಮಾತಿನ ಬಗ್ಗೆ ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಟ್ಟರು.

ಇಲ್ಲೊಂದು ತಮಾಷೆ ಇದೆ. ಕಲ್ಲಿದ್ದಲಿನ ವಿಷಯದಲ್ಲಿ ಸ್ಯಾಂಡರ್ಸ್ ಹಿಲರಿಗಿಂತ ಮೆತ್ತಗೆ ಇರಲೇ ಇಲ್ಲ. ಹವಾಮಾನ ಬದಲಾವಣೆ ವಿಚಾರದಲ್ಲಿ ಅವರು ಇನ್ನೂ ಖಡಕ್. ಆದರೂ ಗಣಿ ಕೌಂಟಿಗಳು ಅವರಿಗೆ ಮತ ಹಾಕಿದವು. ಕಾರಣ ಒಂದಲ್ಲ. 1993ರಲ್ಲಿ ಮೆಕ್ಸಿಕೋ, ಕೆನಡಾ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದದ ವಿರುದ್ಧ ಮತ ಹಾಕಿದ್ದವರು ಸ್ಯಾಂಡರ್ಸ್. ಅದಕ್ಕೆ ಸಹಿ ಹಾಕಿದ್ದು ಬಿಲ್ ಕ್ಲಿಂಟನ್. ಸಂಬಳ, ಆಸ್ಪತ್ರೆ ಖರ್ಚು, ಪಿಂಚಣಿ ಅಂತ ಸ್ಯಾಂಡರ್ಸ್ ಊರೂರಲ್ಲಿ ಹೇಳಿದ್ದನ್ನೇ ಹೇಳಿದರು. ಇದರಿಂದ ಮನಸ್ಸು ಬದಲಾಯಿಸಿದವರು ಖಂಡಿತ ಇದ್ದರು. ಆದರೆ ಮತಗಟ್ಟೆ ಸಮೀಕ್ಷೆಯ ಇನ್ನೊಂದು ಅಂಶವನ್ನು ಪಕ್ಕದಲ್ಲಿಟ್ಟು ನೋಡಿ. ಅವತ್ತು ಅಲ್ಲಿ ಸ್ಯಾಂಡರ್ಸ್‌ಗೆ ಮತ ಹಾಕಿದವರಲ್ಲಿ ಹತ್ತಕ್ಕೆ ನಾಲ್ವರ ಮೇಲೆ, ಹಿಲರಿ ಮತ್ತು ಟ್ರಂಪ್ ಎದುರಾದರೆ ತಮ್ಮ ಮತ ಟ್ರಂಪ್‌ಗೆ ಅಂದಿದ್ದರು. ಅವರಲ್ಲಿ ಬಹಳಷ್ಟು ಜನಕ್ಕೆ ಸ್ಯಾಂಡರ್ಸ್ ಅಂದರೆ ‘ಹಿಲರಿ ಅಲ್ಲದವರು’, ಅಷ್ಟೇ.

‘ಇವರು ಅಲ್ಲದವರು’ ಅನ್ನುವ ಮತಕ್ಕೆ 2012ರಷ್ಟು ಶುದ್ಧ ಉದಾಹರಣೆ ಇನ್ನೊಂದಿಲ್ಲ. ಆಗ ಅಧ್ಯಕ್ಷರಾಗಿದ್ದ ಒಬಾಮಗೆ ಪಕ್ಷದೊಳಗೆ ಗಂಭೀರ ಎದುರಾಳಿಯೇ ಇರಲಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಕೀತ್ ಜಡ್ ಅನ್ನುವವರೊಬ್ಬರು 2,500 ಡಾಲರ್ ಶುಲ್ಕ ಕಟ್ಟಿ ಮತಪತ್ರದಲ್ಲಿ ಹೆಸರು ಹಾಕಿಸಿಕೊಂಡರು. ಅವರು ಆಗ ಟೆಕ್ಸಾಸ್‌ನ ಜೈಲಿನಲ್ಲಿದ್ದ ಕೈದಿ. ರಾಜ್ಯಕ್ಕೆ ಕಾಲಿಡಲಿಲ್ಲ, ಒಂದು ಸಭೆ ಮಾಡಲಿಲ್ಲ. ಸಿಕ್ಕಿದ್ದು ಶೇ 41 ಮತ! ಕೆಲವು ಕೌಂಟಿಗಳಲ್ಲಿ ಅಧ್ಯಕ್ಷರನ್ನೇ ಸೋಲಿಸಿದರು. ಅದೇ ತಿಂಗಳು ಕೆಂಟಕಿಯಲ್ಲಿ ಎದುರಾಳಿಯೇ ಇಲ್ಲದ ಕಡೆ ಶೇ 42 ಜನ ‘ಯಾರಿಗೂ ಬದ್ಧರಲ್ಲ’ ಅನ್ನುವ ಖಾನೆಗೆ ಮತ ಒತ್ತಿದರು. ಕೈದಿಯ ಪ್ರಣಾಳಿಕೆ ಏನಿತ್ತು ಅಂತ ಹುಡುಕುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಇಷ್ಟು ಸಿಟ್ಟಿದ್ದವರು ಡೆಮಾಕ್ರಟಿಕ್ ಪ್ರೈಮರಿಗೆ ಯಾಕೆ ಬರುತ್ತಿದ್ದರು? ಇದು ಹೊರಗಿನವರಿಗೆ ಬೇಗ ಅರ್ಥವಾಗದ ವಿಚಾರ, ಇದರಲ್ಲೇ ಒಗಟಿನ ಅರ್ಧ ಉತ್ತರವೂ ಇದೆ. ಈ ಗಣಿ ನಾಡಿನಲ್ಲಿ ಯೂನಿಯನ್ ಮತ್ತು ಡೆಮಾಕ್ರಟಿಕ್ ಪಕ್ಷ ಒಟ್ಟೊಟ್ಟಿಗೆ ಬೆಳೆದಿದ್ದವು. ತಾತ ಡೆಮಾಕ್ರಟ್, ಅಪ್ಪ ಡೆಮಾಕ್ರಟ್, ಹದಿನೆಂಟು ತುಂಬಿದ ಮಗನೂ ಹಾಗೇ ಬರೆಸಿಕೊಂಡ. ಕೆಂಟಕಿಯ ಎಲಿಯಟ್ ಕೌಂಟಿ 1869ರಲ್ಲಿ ಹುಟ್ಟಿದಾಗಿನಿಂದ 2012ರವರೆಗೆ ಅಧ್ಯಕ್ಷ ಚುನಾವಣೆಯಲ್ಲಿ ಒಂದು ಸಲವೂ ಡೆಮಾಕ್ರಟರನ್ನು ಬಿಟ್ಟಿರಲಿಲ್ಲ. 2016ರಲ್ಲಿ ಅಲ್ಲಿ ಟ್ರಂಪ್‌ಗೆ ಶೇ 70ರಷ್ಟು ಮತ ಬಿತ್ತು.

ಹೆಸರು ಬದಲಾಯಿಸದೆ ಇರುವುದಕ್ಕೆ ಭಾವನೆಗಿಂತ ಗಟ್ಟಿಯಾದ ಒಂದು ಕಾರಣವೂ ಇತ್ತು. ಶೆರಿಫ್ ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಕೌಂಟಿ ಕ್ಲರ್ಕ್, ತೆರಿಗೆ ಅಂದಾಜು ಮಾಡುವ ಅಧಿಕಾರಿ, ಇವರೆಲ್ಲ ಅಲ್ಲಿ ಚುನಾಯಿತರು. ರಿಪಬ್ಲಿಕನ್ ಪಕ್ಷ ಹೆಸರಿಗಷ್ಟೇ ಇದ್ದ ಊರುಗಳಲ್ಲಿ ಈ ಹುದ್ದೆಗಳ ನಿಜವಾದ ಸ್ಪರ್ಧೆ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಮುಗಿದುಹೋಗುತ್ತಿತ್ತು. ನಮ್ಮೂರ ಶೆರಿಫ್ ಯಾರಾಗಬೇಕು ಅಂತ ಹೇಳಬೇಕಾದರೆ ಡೆಮಾಕ್ರಟ್ ಆಗಿಯೇ ಇರಬೇಕು. ಹಾಗಾಗಿ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷನಿಗೆ ಮತ ಹಾಕುವವರು ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಮತಪತ್ರ ತೆಗೆದುಕೊಂಡು, ಶೆರಿಫ್‌ನನ್ನು ಆರಿಸಿ, ಅದೇ ಮತಪತ್ರದ ಮೇಲ್ಭಾಗದಲ್ಲಿ ಅಧ್ಯಕ್ಷ ಸ್ಥಾನದ ಹೆಸರುಗಳನ್ನು ನೋಡಿ, ಪಕ್ಷದ ದೊಡ್ಡವರಿಗೆ ಬೇಡವಾದವನ ಹೆಸರಿಗೆ ಗುರುತು ಹಾಕಿ ಬರುತ್ತಿದ್ದರು.

ಈಗ ಸಂಖ್ಯೆಗಳನ್ನು ನೋಡಿ. 2008ರಲ್ಲಿ ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬಿದ್ದ ಮತ ಸುಮಾರು 3.6 ಲಕ್ಷ. 2016ರಲ್ಲಿ ಸುಮಾರು 2.4 ಲಕ್ಷ. ಹಿಲರಿ 2008ರಲ್ಲಿ ಪಡೆದ ಮತವೇ 2.4 ಲಕ್ಷ ಇತ್ತು. 2016ರಲ್ಲಿ 55ಕ್ಕೆ 55 ಗೆದ್ದ ಸ್ಯಾಂಡರ್ಸ್‌ಗೆ ಬಂದಿದ್ದು 1.25 ಲಕ್ಷದಷ್ಟು. ಅಂದರೆ ಹಿಲರಿಯ ಹಳೇ ಮತದಾರರೆಲ್ಲ ಸ್ಯಾಂಡರ್ಸ್ ಕಡೆ ಹೋದರು ಅನ್ನುವುದಕ್ಕೆ ಲೆಕ್ಕವೇ ಕೂಡುವುದಿಲ್ಲ. ಲಕ್ಷಕ್ಕೂ ಹೆಚ್ಚು ಜನ ಆ ಸಾಲಿನಲ್ಲೇ ಇರಲಿಲ್ಲ. ಅದೇ ದಿನದ ರಿಪಬ್ಲಿಕನ್ ಪ್ರೈಮರಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಅದರಲ್ಲಿ ಮುಕ್ಕಾಲು ಪಾಲು ಟ್ರಂಪ್‌ಗೆ. ಅಷ್ಟು ಹೊತ್ತಿಗೆ ಅವರ ಎದುರಾಳಿಗಳೆಲ್ಲ ಕಣದಿಂದ ಹಿಂದೆ ಸರಿದಿದ್ದರು. ಸ್ವತಃ ಟ್ರಂಪ್ ಚಾರ್ಲ್ಸ್‌ಟನ್‌ನ ಸಭೆಯಲ್ಲಿ, ಪ್ರೈಮರಿ ಮುಗಿದ ಕಥೆ, ನಿಮ್ಮ ಮತ ನವೆಂಬರ್‌ಗೆ ಇಟ್ಟುಕೊಳ್ಳಿ ಅಂದಿದ್ದರು. ಆದರೂ ಜನ ಬಂದರು.

ಆಮೇಲೆ ಹೆಸರುಗಳೂ ನಿಧಾನವಾಗಿ ಬದಲಾದವು. ನೋಂದಾಯಿತ ಮತದಾರರ ಸಂಖ್ಯೆಯಲ್ಲಿ ರಿಪಬ್ಲಿಕನ್ನರು ಡೆಮಾಕ್ರಟರನ್ನು ಹಿಂದೆ ಹಾಕಿದ್ದು ವೆಸ್ಟ್ ವರ್ಜೀನಿಯಾದಲ್ಲಿ 2021ರಲ್ಲಿ, ಕೆಂಟಕಿಯಲ್ಲಿ 2022ರಲ್ಲಿ. ಮತ ಬದಲಾಗಿ ಎಷ್ಟೋ ವರ್ಷವಾದ ಮೇಲೆ ದಾಖಲೆ ಬದಲಾಯಿತು.

ಮಿಶಿಗನ್‌ನ ಕಥೆಯನ್ನು ಇದರ ಜೊತೆ ಇಟ್ಟರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 2016ರ ಮಾರ್ಚ್‌ನಲ್ಲಿ ಸಮೀಕ್ಷೆಗಳನ್ನೆಲ್ಲ ಸುಳ್ಳು ಮಾಡಿ ಸ್ಯಾಂಡರ್ಸ್ ಅಲ್ಲಿ ಗೆದ್ದರು, ರಾಜ್ಯದ 83 ಕೌಂಟಿಗಳಲ್ಲಿ 73 ಅವರದಾದವು. ಹಳ್ಳಿಗಾಡೆಲ್ಲ ಸಮಾಜವಾದಕ್ಕೆ ತಿರುಗಿತು ಅಂತ ಬರೆದವರು ಎಷ್ಟೋ ಮಂದಿ. 2020ರ ಮಾರ್ಚ್‌ನಲ್ಲಿ ಅದೇ ಸ್ಯಾಂಡರ್ಸ್, ಅದೇ ಭಾಷಣ. ಜೋ ಬೈಡನ್ 83ಕ್ಕೆ 83 ಗೆದ್ದರು. ಸ್ಯಾಂಡರ್ಸ್ ನಿಲುವು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾಗಿದ್ದು ಎದುರಾಳಿ. ಬೈಡನ್ ಹಳ್ಳಿಯ ಕಾರ್ಮಿಕನಿಗೆ ಹಿಲರಿಯಷ್ಟು ದೂರದವರಾಗಿ ಕಾಣಲಿಲ್ಲ. ಜೊತೆಗೆ ಸಾಲೂ ಬದಲಾಗಿತ್ತು. ಮತ ಹಾಕಿದವರ ಸಂಖ್ಯೆ 12 ಲಕ್ಷದಿಂದ 16 ಲಕ್ಷದ ಹತ್ತಿರಕ್ಕೆ ಏರಿತ್ತು. ಟ್ರಂಪ್‌ರನ್ನು ಸೋಲಿಸುವುದು ಯಾರಿಂದ ಆಗುತ್ತದೆ ಅನ್ನುವ ಒಂದೇ ಲೆಕ್ಕ ಇಟ್ಟುಕೊಂಡು ಬಂದವರು ಅವರಲ್ಲಿ ಜಾಸ್ತಿ. 2016ರಲ್ಲಿ ಸಿಟ್ಟಿಗೆ ಸ್ಯಾಂಡರ್ಸ್ ಹೆಸರು ಒತ್ತಿದ್ದ ಒಂದಿಷ್ಟು ಜನ ಆಗಲೇ ಬೇರೆ ಪಕ್ಷ ಸೇರಿಯಾಗಿತ್ತು.

ಹಾಗಂತ ಪ್ರೈಮರಿಯಲ್ಲಿ ನಿಜವಾಗಿ ಮನಸ್ಸು ಬದಲಾಗುವುದೇ ಇಲ್ಲ ಅಂತಲ್ಲ. ಅದಕ್ಕೂ ವೆಸ್ಟ್ ವರ್ಜೀನಿಯಾವೇ ಸಾಕ್ಷಿ. 1960ರಲ್ಲಿ ಅಲ್ಲಿ ಸ್ಪರ್ಧೆ ಇದ್ದದ್ದು ಹ್ಯೂಬರ್ಟ್ ಹಂಫ್ರಿ ಮತ್ತು ಜಾನ್ ಕೆನಡಿ ನಡುವೆ. ಹಂಫ್ರಿ ಕಾರ್ಮಿಕರ ಹಳೇ ಗೆಳೆಯ, ಬಡತನ ಕಂಡವರು. ಕೆನಡಿ ಕೋಟ್ಯಧಿಪತಿಯ ಮಗ, ಅದರ ಮೇಲೆ ಕ್ಯಾಥೊಲಿಕ್. ರಾಜ್ಯದ ಜನರೋ ಹೆಚ್ಚುಕಡಿಮೆ ಎಲ್ಲರೂ ಪ್ರೊಟೆಸ್ಟಂಟರು. ಕೆನಡಿ ಗಣಿಗಳ ಬಾಗಿಲಿಗೇ ಹೋಗಿ ನಿಂತರು. ಧರ್ಮದ ಪ್ರಶ್ನೆಯನ್ನು ತಪ್ಪಿಸಿಕೊಳ್ಳದೆ ನೇರವಾಗಿ ಉತ್ತರಿಸಿದರು. ಗಣಿ ಮನೆಗಳ ಗೋಡೆಯ ಮೇಲೆ ಫೋಟೊ ಆಗಿದ್ದ ಹಿಂದಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮಗನನ್ನೇ ಕರೆತಂದು ಪ್ರಚಾರ ಮಾಡಿಸಿದರು. ದುಡ್ಡೂ ಹರಿಯಿತು. ಅಲ್ಲಿನ ಕೌಂಟಿ ಮುಖಂಡರು ಯಾವ ಹುದ್ದೆಗೆ ಯಾರು ಅಂತ ಪಟ್ಟಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಆ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮುಖಂಡರ ಕೈ ಬೆಚ್ಚಗಾಗಬೇಕು. ಇದು ನಮಗೇನೂ ವಿವರಿಸಿ ಹೇಳಬೇಕಾದ ವಿಷಯ ಅಲ್ಲ. ಕೆನಡಿಗೆ ಶೇ 60 ಮತ ಬಂತು, ಹಂಫ್ರಿ ಅವತ್ತೇ ಕಣ ಬಿಟ್ಟರು.

ಅಧ್ಯಕ್ಷರಾದ ಕೆನಡಿ ಮಾಡಿದ ಮೊದಲ ಆದೇಶಗಳಲ್ಲಿ ಒಂದು ಬಡ ಪ್ರದೇಶಗಳಿಗೆ ಹಂಚುವ ಆಹಾರ ಹೆಚ್ಚಿಸುವುದು. 1961ರ ಮೇ ತಿಂಗಳಲ್ಲಿ ಬಡವರು ಅಂಗಡಿಯಲ್ಲಿ ಆಹಾರ ಕೊಳ್ಳಲು ಸರ್ಕಾರ ಚೀಟಿ ಕೊಡುವ ಹೊಸ ಫುಡ್ ಸ್ಟಾಂಪ್ ಯೋಜನೆಯ ಮೊದಲ ಚೀಟಿಗಳು ಹಂಚಿಕೆಯಾಗಿದ್ದು ಅದೇ ರಾಜ್ಯದ ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ. ಪ್ರೈಮರಿಯಲ್ಲಿ ಬಂದು ಕೈಕುಲುಕಿದವನು ಗೆದ್ದ ಮೇಲೆ ನೆನಪಿಟ್ಟುಕೊಂಡಿದ್ದ. ಆ ಕೌಂಟಿ 2008ರ ಮುಖ್ಯ ಚುನಾವಣೆಯಲ್ಲಿ ಒಬಾಮರನ್ನೂ ಗೆಲ್ಲಿಸಿತ್ತು ಅನ್ನುವುದನ್ನು ಮರೆಯಬೇಡಿ. ಪ್ರೈಮರಿಯಲ್ಲಿ ಬೇಡ ಅಂದವರೇ ನವೆಂಬರ್‌ನಲ್ಲಿ ಪಕ್ಷದ ಹೆಸರು ನೋಡಿ ಮತ ಹಾಕಿದ್ದರು. 1950ರಲ್ಲಿ ಲಕ್ಷದ ಹತ್ತಿರ ಇದ್ದ ಅಲ್ಲಿನ ಜನಸಂಖ್ಯೆ 2020ಕ್ಕೆ 20,000ಕ್ಕಿಂತ ಕೆಳಗೆ ಬಂದಿತ್ತು. ಉಳಿದವರ ಮತವಷ್ಟೇ ನಮಗೆ ಕಾಣುತ್ತದೆ. ಕೆಲಸ ಹುಡುಕಿಕೊಂಡು ಊರು ಬಿಟ್ಟವರು ಲೆಕ್ಕದಲ್ಲೇ ಇಲ್ಲ.

ರಿಪಬ್ಲಿಕನ್ ಕಡೆಯಲ್ಲೂ ಇದೇ ಆಟ, ಬೇರೆ ಅಂಗಳ. 2016ರ ಪ್ರೈಮರಿಯಲ್ಲಿ ವರ್ಜೀನಿಯಾದ ಗಣಿ ಕೌಂಟಿ ಬ್ಯೂಕ್ಯಾನನ್‌ನಲ್ಲಿ ಟ್ರಂಪ್‌ಗೆ ಶೇ 70ರ ಹತ್ತಿರ ಮತ ಬಿತ್ತು. ಆಗಿನ್ನೂ ಕಣದಲ್ಲಿ ಐದು ಜನ ಇದ್ದರು. ನೋಂದಣಿಯ ತಡೆ ಇಲ್ಲದ ರಾಜ್ಯ, ಹಾಗಾಗಿ ಹಳೇ ಡೆಮಾಕ್ರಟ್ ಮನೆಯವರು ಯಾರನ್ನೂ ಕೇಳದೆ ಆಚೆ ಬದಿಯ ಮತಪತ್ರ ತೆಗೆದುಕೊಳ್ಳಬಹುದಿತ್ತು. ದೊಡ್ಡವರಿಗೆ ಬೇಡವಾದವನನ್ನು ಒತ್ತುವ ಅಭ್ಯಾಸವೂ ಅವರ ಜೊತೆಗೇ ಆಚೆ ಹೋಗಿದೆ. 2018ರಲ್ಲಿ ವೆಸ್ಟ್ ವರ್ಜೀನಿಯಾದ ರಿಪಬ್ಲಿಕನ್ ಸೆನೆಟ್ ಪ್ರೈಮರಿಗೆ ಡಾನ್ ಬ್ಲಾಂಕೆನ್‌ಶಿಪ್ ನಿಂತರು. 2010ರಲ್ಲಿ 29 ಕಾರ್ಮಿಕರು ಸತ್ತ ಅಪ್ಪರ್ ಬಿಗ್ ಬ್ರಾಂಚ್ ಗಣಿಯ ಕಂಪನಿಗೆ ಮುಖ್ಯಸ್ಥರಾಗಿದ್ದವರು, ಸುರಕ್ಷತಾ ನಿಯಮ ಮುರಿಯುವ ಸಂಚಿಗೆ ಒಂದು ವರ್ಷ ಜೈಲು ಕಂಡವರು. ಅವರಿಗೆ ಮತ ಹಾಕಬೇಡಿ ಅಂತ ಸ್ವತಃ ಟ್ರಂಪ್ ಹೇಳಿದರು. ಮೂರನೇ ಸ್ಥಾನಕ್ಕೆ ಬಂದರೂ ಶೇ 20 ಮತ ಸಿಕ್ಕಿತು.

2024ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ರಿಪಬ್ಲಿಕನ್ ಪಕ್ಷ ಒಂದು ತೀರ್ಮಾನ ಮಾಡಿತು. 2026ರಿಂದ ತನ್ನ ಪ್ರೈಮರಿಯಲ್ಲಿ ನೋಂದಾಯಿತ ರಿಪಬ್ಲಿಕನ್ನರಿಗಷ್ಟೇ ಮತ, ಯಾವ ಪಕ್ಷಕ್ಕೂ ಸೇರದವರಿಗೆ ಬಾಗಿಲು ಬಂದ್. ಒಂದು ಕಾಲದಲ್ಲಿ ಶೆರಿಫ್ ಆಯ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮುಗಿಯುತ್ತಿದ್ದ ರಾಜ್ಯದಲ್ಲಿ ಈಗ ಹೆಚ್ಚಿನ ಹುದ್ದೆಗಳ ತೀರ್ಮಾನ ರಿಪಬ್ಲಿಕನ್ ಪ್ರೈಮರಿಯಲ್ಲೇ ಆಗಿಬಿಡುತ್ತದೆ. ಅದರಲ್ಲಿ ಮಾತು ನಡೆಯಬೇಕು ಅಂದರೆ ಆ ಪಕ್ಷದಲ್ಲಿ ಹೆಸರು ಬರೆಸಲೇಬೇಕು. ಮುಂದೆ ಅಲ್ಲಿ ರಿಪಬ್ಲಿಕನ್ ನೋಂದಣಿ ಇನ್ನಷ್ಟು ಏರಿತು ಅನ್ನುವ ಸುದ್ದಿ ಬಂದರೆ, ಅದರಲ್ಲಿ ಎಷ್ಟು ಪಕ್ಷದ ಮೇಲಿನ ಪ್ರೀತಿ, ಎಷ್ಟು ಶೆರಿಫ್ ಚುನಾವಣೆಯ ಅಗತ್ಯ ಅಂತ ಕೇಳಿಕೊಂಡೇ ಓದಬೇಕಾಗುತ್ತದೆ.